ಯಮಕನಮರಡಿಯಲ್ಲಿ ಅರಿಗಾತೋ

ಜಪಾನಿಗೆ ಹೋಗಲು ಪಾಸ್‌ಪೋರ್ಟ್ ಮಾಡಿಸಬೇಕೆಂದು ಹುಕ್ಕೇರಿಯಿಂದ ಬೆಳಗಾವಿಗೆ ಹೊರಟ ನಮ್ಮ ಸಂಸಾರ ಯಮಕನಮರಡಿಯಲ್ಲಿ ಚಹಾಕ್ಕೆ ನಿಂತಿತ್ತು. ಜಪಾನಿನವರ ಮನೆಯೂಟ ಉಣ್ಣಬೇಕೆಂಬುದು ನನ್ನ ಮಗಳ ಆಸೆ. ಅವ್ವ ಮಾತ್ರ ಇನ್ನೂ ಒಪ್ಪಿರಲಿಲ್ಲ.

"ಉಂಡ ಮ್ಯಾಲ ಛಲೋ ಆಗಿತ್ರಿ ಅನ್ನಾಕ ಬರದಿದ್ರ, ಆ ಊಟ ಹೆಂಗ ಉಣ್ಣೂದು?"

ಧನ್ಯವಾದಕ್ಕೆ ಅಲ್ಲಿ 'ಅರಿಗಾತೋ' ಅನ್ನುತ್ತಾರೆಂದು ಮಗಳು ಹೇಳಿಕೊಟ್ಟಳು. ಅವ್ವ ಚಹಾ ಮುಗಿಸಿ, ಅಂಗಡಿಯ ಮುದುಕ ಕಾಕಾನ ಎದುರು ನಡು ಬಗ್ಗಿಸಿ, "ಅರಿಗಾತೋ" ಅಂದಳು.

ಕಾಕಾ ಗಾಬರಿಯಾಗಿ ಒಲೆ ಸಣ್ಣ ಮಾಡಿದ. "ಯಾರಿಗಾತ್ರಿ ಅವ್ವಾರ? ಏನಾತು?"

ನಾವೆಲ್ಲ ಬಿದ್ದು ಬಿದ್ದು ನಕ್ಕೆವು. ಅವ್ವ ನಗಲಿಲ್ಲ.

"ತಪ್ಪ ನಂದ ಐತಿ. ಹಿರ್ಯಾರಿಗೆ ರಿ ಹಚ್ಚದ ಅಂದೆ."

ಮತ್ತೆ ಬಗ್ಗಿದಳು. "ಅರಿಗಾತೋರಿ."

ಈ ಸಲ ಕಾಕಾನೂ ಬಗ್ಗಿದ.