ಲಾರಿ ಸುಳಿಯದ ದಾರಿಯ ನಕ್ಷೆ

ಬೀದಿಯವರು ಅವಳನ್ನು ಕತ್ತರಿಯಕ್ಕ ಎಂದು ಕರೆಯುತ್ತಿದ್ದದ್ದು ಅವಳು ಟೈಲರ್ ಎಂಬ ಕಾರಣಕ್ಕಷ್ಟೇ ಅಲ್ಲ. ಸಿಟ್ಟು ಬಂದರೆ ಅವಳ ನಾಲಿಗೆಗೆ ಲಗಾಮಿರಲಿಲ್ಲ. ಆ ವರ್ಷವಂತೂ ಸಿಟ್ಟು ಇಳಿದ ದಿನವೇ ಇರಲಿಲ್ಲ.

ಗಂಡ ಲೇತ್ ಕೆಲಸದವನು. ಇಪ್ಪತ್ತು ವರ್ಷ, ಭಾನುವಾರ ಬಂತೆಂದರೆ ಇಬ್ಬರೂ ಮೋಟಾರ್‌ಬೈಕಿನಲ್ಲಿ ಊರು ಬಿಡುತ್ತಿದ್ದರು. ಅವನು ಮುಂದೆ, ಕಾಗದದ ನಕ್ಷೆ ಹಿಡಿದು ಅವಳು ಹಿಂದೆ. ಎಡಕ್ಕೆ ತಿರುಗಬೇಕಾದರೆ ಅವನ ಎಡಭುಜ ತಟ್ಟುವಳು, ಬಲಕ್ಕಾದರೆ ಬಲಭುಜ. ಹಾಗೊಂದು ಭಾನುವಾರ ಹೆದ್ದಾರಿಯಲ್ಲಿ ಲಾರಿಯೊಂದು ಸವರಿಕೊಂಡು ಹೋಯಿತು. ಅವಳ ಮಣಿಕಟ್ಟು ಮುರಿಯಿತು, ಕೂಡಿಕೊಂಡಿತು. ಅವನಿಗೆ ಒಂದು ಗೀರೂ ಬೀಳಲಿಲ್ಲ, ಆದರೆ ಒಂದೂವರೆ ವರ್ಷ ಗಾಡಿ ಮುಟ್ಟಲಿಲ್ಲ. ರಜೆಯ ದಿನವಿಡೀ ಗೋಡೆ ನೋಡುತ್ತ ಕೂರುವನು. ಅವಳು ಗೋಗರೆದು ಗೋಗರೆದು ಸಾಕಾದ ಮೇಲೆ ಕಡೆಗೊಮ್ಮೆ ಅವನು ಬಾಯಿಬಿಟ್ಟ: “ಒಂದೂ ಲಾರಿ ಇಲ್ಲದ ದಾರಿ ತೋರ್ಸು. ಬರ್ತೀನಿ.”

ಗಂಡನನ್ನು ಆ ಗೋಡೆಯ ಮುಂದಿನಿಂದ ಎಬ್ಬಿಸಬೇಕಾದರೆ ಒಂದು ಒಳದಾರಿ ಬೇಕು, ಒಳದಾರಿಗೆ ಒಳ್ಳೆಯ ನಕ್ಷೆ ಬೇಕು. ಫೋನನ್ನು ಕೇಳಿದರೆ ಅದು ಲಾರಿ ಮಾಲೀಕರ ಮನೆ ಅಳಿಯನ ಹಾಗೆ ಹತ್ತು ಸಲವೂ ಹೆದ್ದಾರಿಯನ್ನೇ ತೋರಿಸಿತು. ಪುಸ್ತಕದಂಗಡಿಯವನು ಕೊಟ್ಟ ನಕ್ಷೆಯಲ್ಲಿ ರಸ್ತೆಗಿಂತ ಹೋಟೆಲಿನ ಚಿತ್ರಗಳೇ ಹೆಚ್ಚು. ಕೆರೆಯಿರಬೇಕಾದ ಜಾಗದಲ್ಲಿ ಬಾತುಕೋಳಿ ನಗುತ್ತಿತ್ತು.

“ಇದೇನು ನಕ್ಷೇನೋ, ಶಿಶುವಿಹಾರದ ಪುಸ್ತಕಾನೋ?” ಎಂದು ಕೌಂಟರಿನ ಮೇಲೆ ಕುಕ್ಕಿ ಬಂದಳು.

ಅವಳಿಗೆ ಬೇಕಾದ ನಕ್ಷೆಯಲ್ಲಿ ಬಾವಿ, ತೂಬು, ಪುಟ್ಟ ಸೇತುವೆಗಳೆಲ್ಲ ಇರಬೇಕು. ಏರುತಗ್ಗಿನ ಗೆರೆಗಳಿರಬೇಕು, ಅವು ಒತ್ತೊತ್ತಾಗಿದ್ದ ಕಡೆ ಏರು ಕಡಿದು, ತುಂಬಿದ ಲಾರಿ ಸುಳಿಯುವುದಿಲ್ಲ. ಅಂಥ ನಕ್ಷೆ ಇದ್ದರೆ ಭೂಮಾಪನ ಕಚೇರಿಯಲ್ಲೇ ಇರಬೇಕು. ಅಲ್ಲಿನ ಗುಮಾಸ್ತ ಮೂರು ಸಲ ಅಲೆದಾಡಿಸಿದ. ಅವಳಿಗೆ ಬೇಕಾದ ಸೀಮೆಯ ನಕ್ಷೆ, ಹದಿನಾಲ್ಕನೇ ಹಾಳೆ, ಮುಗಿದುಹೋಗಿದೆಯಂತೆ.

“ಈ ಕಾಲದಲ್ಲಿ ಕಾಗದ ಯಾರಮ್ಮ ಕೇಳ್ತಾರೆ? ಫೋನ್ ನೋಡ್ಕೊಳ್ಳಿ.”

ನಾಲ್ಕನೇ ಸಲ ಹೋದಾಗ ಅವನು ಊಟಕ್ಕೆ ಕೂತಿದ್ದ. ಡಬ್ಬಿ ಪಕ್ಕಕ್ಕೆ ಸರಿಸಿದ. ಮೇಜಿನ ಗಾಜಿನಡಿ ಹಾಸಿದ್ದ ಕಾಗದದ ಮೂಲೆಯಲ್ಲಿ ಹದಿನಾಲ್ಕು ಎಂಬ ಅಂಕಿ ಕಂಡಿತು. ಅವಳ ಮೈಯೆಲ್ಲ ಉರಿದುಹೋಯಿತು.

“ಮೂರು ಸಲ ಇಲ್ಲ ಅಂದ್ರಲ್ಲ, ಇದ್ರ ಮೇಲೇ ಉಣ್ತಾ ಕೂತಿದ್ರಾ?”

“ಅದು ಮಾರೋದಲ್ಲಮ್ಮ. ಮೇಜಿಗೆ ಹಾಸಿರೋದು.”

“ಹಾಸ್ಕೊಂಡೇ ಇರಿ. ಡಬ್ಬಿ ಎತ್ತಿ.”

ಅಂಗಿಯ ಅಚ್ಚು ತೆಗೆಯುವ ತೆಳುಕಾಗದ ಅವಳ ಚೀಲದಲ್ಲಿ ಯಾವಾಗಲೂ ಇರುತ್ತಿತ್ತು. ಅದನ್ನು ಗಾಜಿನ ಮೇಲೆ ಹರಡಿ, ಎರಡು ಗಂಟೆ ನಿಂತೇ ಒಂದೊಂದು ಗೆರೆಯನ್ನೂ ಎಳೆದುಕೊಂಡಳು. ಗುಮಾಸ್ತ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಉಂಡ.

ಸಂಜೆ ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಅದನ್ನು ಹಾಸಿ ಗಂಡನನ್ನು ಕರೆದಳು. ಬೆಟ್ಟದ ಬೆನ್ನಿಗೆ ಚುಕ್ಕೆಗೆರೆಯೊಂದು ಸುತ್ತಿಕೊಂಡು ನದಿಗೆ ಇಳಿಯುತ್ತಿತ್ತು.

“ಇಲ್ಲಿ ಕಲ್ಲುಕ್ವಾರಿ ಬಂದಿರಬಹುದು,” ಎಂದ.

“ವಿಚಾರಿಸಿದೀನಿ. ಬಂದಿಲ್ಲ.”

“ಸೇತುವೆ ಬಿದ್ದಿದ್ರೆ?”

“ಹಾಲಿನವನು ನಿನ್ನೆ ದಾಟಿದಾನೆ.”

“ಚುಕ್ಕೆಗೆರೆ ಅಂದ್ರೆ ಕಾಲುದಾರಿ ಇರಬೇಕು…”

“ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ!” ಅವಳು ಕಿರುಚಿದಳು. “ಊರೆಲ್ಲ ಸುತ್ತಿ ತಂದಿದೀನಿ, ನಿಮ್ಗೆ ನೆಪ! ಆ ಲಾರಿಯವನ ಮನೆ ಹಾಳಾಗ! ನನ್ನ ಗಂಡನ್ನ ಹೀಗೆ ಮಾಡಿಟ್ಟ.”

ಅವನು ಕಾಗದದಿಂದ ಬೆರಳು ತೆಗೆದ.

“ಅವನನ್ನ ಬೈಬೇಡ ಕಣೇ. ಅವನು ಅವನ ಪಾಡಿಗೆ ಬರ್ತಿದ್ದ. ನಂಗೇ ನಿದ್ದೆ ಹತ್ತಿತ್ತು.” ನಕ್ಷೆಯನ್ನು ಅವಳತ್ತ ಸರಿಸಿ ಅಂದ, “ಲಾರಿ ಇಲ್ಲದ ದಾರೀಲೂ ನಾನಿರ್ತೀನಲ್ಲ.”

ಒಂದೂವರೆ ವರ್ಷ ಅವಳು ಮುಖ ಕಾಣದ ಆ ಲಾರಿಯವನಿಗೆ ದಿನಾ ಹಿಡಿಶಾಪ ಹಾಕಿದ್ದಳು. ಕಾಗದವನ್ನು ಹರಿದು ಗಂಡನ ಮುಖಕ್ಕೆ ಎಸೆಯೋಣ ಎನಿಸಿತು.

“ಬಾಯಿಬಿಟ್ಟು ಹೇಳೋಕೆ ಏನಾಗಿತ್ರೀ ನಿಮ್ಗೆ? ನಾಚ್ಕೆ ಆಗ್ಲಿಲ್ವಾ?”

“ಆಗಿದ್ದಕ್ಕೇ ಹೇಳ್ಲಿಲ್ಲ.”

ಅವಳು ಕಾಗದವನ್ನು ಮಡಿಸಿ ಚೀಲಕ್ಕೆ ಹಾಕಿದಳು. ಆಮೇಲೆ ಕೈ ಚಾಚಿದಳು.

“ಬೀಗದ ಕೈ ಕೊಡಿ.”

“ನಾನು ಓಡ್ಸಲ್ಲ.”

“ನಿಮ್ಮನ್ಯಾರು ಓಡ್ಸಿ ಅಂದ್ರು? ನಂಗೆ ಕಲಿಸಿ, ನಾನು ಓಡಿಸ್ತೀನಿ. ನೀವು ಹಿಂದೆ ಕೂತು ಬೇಕಾದ್ರೆ ಗೊರಕೆ ಹೊಡೀರಿ.”

ಬೀಗದ ಕೈ ಕೊಡುವಾಗ ಅವನು ಕಣ್ಣೊರೆಸಿಕೊಳ್ಳುತ್ತಿದ್ದ. ಅದಕ್ಕೂ ಅವಳಿಂದ ಬೈಸಿಕೊಂಡ.