ಫಿನ್ ತೊಡಿಸಿ ಚಹಾ ಕುಡಿಸಿದ ಕೃಷ್ಣಾನಂದರು

ಕಡಲಿನಡಿಯ ಕೆಲಸಕ್ಕೆ ಇಳಿಯುವವರ ಉಡುಗೆತೊಡುಗೆಗಳ ಆಯ್ಕೆಯನ್ನು ಒಂದು ವಿದ್ಯೆಯೆಂದು ಕರೆಯಬಹುದಾದರೆ, ಆ ವಿದ್ಯೆಯಲ್ಲಿ ನಮ್ಮ ಇಲಾಖೆಯ ಮೊದಲ ಹೆಸರು ಶ್ರೀ ಕೃಷ್ಣಾನಂದರದು. ಎರಡನೆಯ ಹೆಸರು ನನ್ನದೆಂದು ಬಲ್ಲವರು ಹೇಳುತ್ತಾರೆ. ಮೂವತ್ತೆರಡು ವರ್ಷ ಎರಡನೆಯವನಾಗಿಯೇ ಉಳಿದವನ ಹೊಟ್ಟೆಕಿಚ್ಚು ಎಂಥದೆಂದು ತಿಳಿದಿದ್ದರೆ ಅವರ ನಿವೃತ್ತಿಯ ಈ ಅಭಿನಂದನ ಸಂಪುಟದ ಸಂಪಾದಕರು ನನ್ನಿಂದ ಲೇಖನ ಕೇಳುತ್ತಿರಲಿಲ್ಲ.

ಕಾಸರಗೋಡಿನ ಕುಂಬಳೆಯವರಾದ ಕೃಷ್ಣಾನಂದರು ನಮ್ಮ ಸಮುದ್ರತಳ ಸಮೀಕ್ಷಾ ಕಚೇರಿಯ ಕೊಚ್ಚಿಯ ವಿಲ್ಲಿಂಗ್ಡನ್ ಐಲ್ಯಾಂಡ್ ಕೇಂದ್ರಕ್ಕೆ ಡೈವರ್ ಆಗಿ ಸೇರಿದ್ದು 1991ರಲ್ಲಿ. ಎರಡು ವರ್ಷ ತಡವಾಗಿ ಮೈಸೂರಿನಿಂದ ಬಂದ ನನಗೆ, ಕಣ್ಣುಮೂಗು ಮುಚ್ಚುವ ಡೈವಿಂಗ್ ಮಾಸ್ಕನ್ನು ಪಟ್ಟಿ ಬಿಗಿಯದೆ ಮುಖಕ್ಕೊತ್ತಿ ಮೂಗಿನಿಂದ ಉಸಿರೆಳೆದಾಗ ಅದು ಬೀಳದೆ ನಿಂತರೆ ಮಾತ್ರ ನಮ್ಮದೆಂದು ಕಲಿಸಿದವರು ಅವರೇ. ನನ್ನದು ಬಿತ್ತು. “ಮೀಸೆ ತೆಗೀಬೇಕಾಗ್ತದೆ ಮಾರಾಯ್ರೆ, ನೀರಿಗೆ ಅದರ ಮರ್ಯಾದೆ ಗೊತ್ತಿಲ್ಲ” ಎಂದರು. ತೆಗೆದೆ. ನಾನು ಹೆಣ್ಣು ನೋಡಲು ಹೋಗಬೇಕಿದ್ದ ವಾರವದು. ಇಂದಿಗೂ ಅದನ್ನು ಕ್ಷಮಿಸಿಲ್ಲ.

ಫಿನ್‌ಗಳ ವಿಷಯದಲ್ಲಂತೂ ಅವರದೇ ಒಂದು ಪದ್ಧತಿ. ಈಜುವಾಗ ಪಾದಕ್ಕೆ ತೊಡುವ ಆ ರಬ್ಬರ್ ರೆಕ್ಕೆಗಳನ್ನು ಒದ್ದೆ ಬೂಟಿನ ಸಮೇತ ಹೊಸಬರಿಗೆ ತೊಡಿಸಿ, ವರಾಂಡದ ಬೆಂಚಿನ ಮೇಲೆ ಕೂರಿಸಿ, ಒಂದು ಲೋಟ ಚಹಾ ಕುಡಿಸಿ, ಊರುಮನೆಯ ಸುದ್ದಿ ವಿಚಾರಿಸಿ, ಕೊನೆಗೆ “ಯಾವ ಬೆರಳು ನೆನಪಾಯ್ತು?” ಎಂದು ಕೇಳುತ್ತಿದ್ದರು. ಒಂದೇ ಒಂದು ಬೆರಳು ಒತ್ತಿ ನೆನಪಾಗಿದ್ದರೂ ಆ ಜೊತೆ ತಿರಸ್ಕೃತ. ತಿರುವನಂತಪುರ ಶಾಖೆಯ ಸಲಕರಣಾಧಿಕಾರಿಯಾದ ಮೇಲೆ ನಾನು ಇದೇ ವಿಷಯವಾಗಿ ನಲವತ್ತೆರಡು ಪುಟಗಳ ಕೈಪಿಡಿ ಬರೆದೆ. ನಮ್ಮ ಶಾಖೆಯ ಹೊಸಬರು ಅದನ್ನು ಒದ್ದೆ ಬೂಟುಗಳ ಕೆಳಗೆ ಹಾಸಿ, ಬೆಳಗಿನ ರೈಲು ಹಿಡಿದು ಎರ್ನಾಕುಲಕ್ಕೆ ಹೋಗಿ, ಕೃಷ್ಣಾನಂದರ ಚಹಾ ಕುಡಿದು ಬಂದರು.

2009ರಲ್ಲಿ, ಅವರು ಬೇಡವೆಂದರೆಂಬ ಒಂದೇ ಕಾರಣಕ್ಕೆ, ಉದ್ದನೆಯ ಬಿರುಸು ಫಿನ್‌ಗಳನ್ನು ಕೊಂಡು ವಿಳಿಂಞದ ಕಡಲಿಗಿಳಿದೆ. ಹದಿನಾಲ್ಕು ಮೀಟರ್ ಆಳದಲ್ಲಿ ಮೀನಖಂಡ ಹಿಡಿದುಕೊಂಡು ಕಲ್ಲಾಯಿತು. ಆ ಸಮೀಕ್ಷೆಗೆಂದು ಕೊಚ್ಚಿಯಿಂದ ಬಂದು ಜೊತೆಗಿಳಿದಿದ್ದ ಕೃಷ್ಣಾನಂದರು ಫಿನ್ನಿನ ತುದಿಯನ್ನು ನನ್ನತ್ತ ಬಾಗಿಸಿ, ಸ್ನಾಯು ಸಡಿಲಾಗುವವರೆಗೂ ಹಿಡಿದು, ಮೆಲ್ಲನೆ ಮೇಲಕ್ಕೆ ತಂದರು. ದೋಣಿ ನಡೆಸುತ್ತಿದ್ದ ವಿಲ್ಸನ್ “ಎಂತು ಪಟ್ಟಿ ಸಾರೇ?”, ಅಂದರೆ ಏನಾಯಿತು ಎಂದು ಗಾಬರಿಯಿಂದ ಕೇಳಿದಾಗ, ಸುಸ್ತಾದದ್ದು ತಮಗೇ ಎಂದು ಹೇಳಿ, ದಿನಚರಿಯಲ್ಲೂ ಹಾಗೆಯೇ ಬರೆದರು. ಜೀವ ಉಳಿಸಿದ್ದಕ್ಕಿಂತ ಹೀಗೆ ಮಾನ ಉಳಿಸಿದ್ದಕ್ಕೆ ನನಗೆ ಹೆಚ್ಚು ಹೊಟ್ಟೆಯುರಿಯಿತು.

ಕಳೆದ ವರ್ಷ ನನ್ನ ಮಗಳು ತೇಜಸ್ವಿನಿ ಡೈವಿಂಗ್ ತರಬೇತಿಗೆ ಸೇರಿದಳು. ಮನೆಯಲ್ಲೇ ಸಲಕರಣಾಧಿಕಾರಿ ಇರುವಾಗ ಅವಳು ಫಿನ್ ಆರಿಸಲು ಹೊರಟದ್ದು ಕೊಚ್ಚಿಗೆ, ಕೃಷ್ಣಾನಂದರ ಬಳಿಗೆ. ನಾನು ಕನ್ನಡದಲ್ಲಿ ಆಕ್ಷೇಪಿಸಿದರೆ, ಎಂದಿನಂತೆ ಮಲಯಾಳದಲ್ಲಿ, “ಅಂಕಿಳ್ ನೋಕ್ಕಿಯಾಲ್ ಮದಿ, ಅಚ್ಛಾ” ಅಂದಳು; ಅಂಕಲ್ ನೋಡಿದರೆ ಸಾಕಂತೆ. ಆ ದಿನ ನನಗೆ ಊಟ ಸೇರಲಿಲ್ಲ. ಅವಳು ಹಿಂದಿರುಗಿದ ಮೇಲೆ ನಾನೂ ಆ ಫಿನ್ ತೊಡಿಸಿ, ಕೂರಿಸಿ, ಚಹಾ ಕೊಟ್ಟು ಅದೇ ಪ್ರಶ್ನೆ ಕೇಳಿದೆ. ಎಡಗಾಲಿನ ಕಿರುಬೆರಳು ತೋರಿಸಿದಳು. ನನಗಾದ ಸಂತೋಷವನ್ನು ಹೇಗೆ ಬರೆಯಲಿ! ಕೂಡಲೇ ಫೋನ್ ಮಾಡಿ, ನಿಮ್ಮ ಆಯ್ಕೆ ತಪ್ಪೆಂದೆ. “ಹೌದಾ? ನೀವು ನೋಡಿದ್ದು ಒಳ್ಳೇದಾಯ್ತು. ನಿಮ್ಮ ಕಣ್ಣು ತಪ್ಪಿಸ್ಲಿಕ್ಕುಂಟಾ?” ಎಂದರು. ಒಂದು ವರ್ಷ ಪೂರ್ತಿ ಆ ಮಾತನ್ನು ಶಾಖೆಯಲ್ಲೆಲ್ಲ ಹೇಳಿಕೊಂಡು ತಿರುಗಿದೆ.

ಈ ಲೇಖನಕ್ಕಾಗಿ ತಾರೀಖು ವಿಚಾರಿಸಿದಾಗ ಮಗಳು ನಿಜ ಹೇಳಿದಳು. ಕಿರುಬೆರಳು ಒತ್ತುತ್ತದೆಂದು ಅವಳು ಕೊಚ್ಚಿಯಲ್ಲೇ ಹೇಳಿದ್ದಳಂತೆ. “ಇದನ್ನೇ ತಕೊಂಡು ಹೋಗು ಮಗಾ. ಅಪ್ಪ ಕೇಳ್ತಾರೆ, ಆಗ ಹೇಳು. ಅವರು ಬದಲಿಸಿ ಕೊಡುವವರೆಗೆ ನೀರಿಗೆ ಇಳೀಬೇಡ” ಎಂದು ಕೃಷ್ಣಾನಂದರು ಕಳಿಸಿದ್ದರಂತೆ; ಬದಲಿಸಲು ಬರುತ್ತಾರೆಂದು ಅಂಗಡಿಯವರಿಗೂ ಮೊದಲೇ ತಿಳಿಸಿದ್ದರಂತೆ. ನನಗೆ ಸಿಟ್ಟು ಬಂತು, ಆಮೇಲೆ ಕಣ್ಣು ಒದ್ದೆಯಾಯಿತು, ಆಮೇಲೆ ಮತ್ತೆ ಹೊಟ್ಟೆಕಿಚ್ಚೇ ಆಯಿತು. ನನ್ನ ಏಕೈಕ ಗೆಲುವನ್ನೂ ಅವರೇ ಆರಿಸಿ ಕೊಟ್ಟಿದ್ದರು.

ಮಾನ್ಯ ಕೃಷ್ಣಾನಂದರೇ, ನಿಮಗೆ ನೂರು ವರ್ಷ ತುಂಬಲಿ. ನಿವೃತ್ತಿಯ ನಂತರವೂ ಹೊಸಬರು ನಿಮ್ಮ ಮನೆಯನ್ನೇ ಹುಡುಕಿಕೊಂಡು ಬರಲಿ, ನಿಮ್ಮ ಕೆಲಸ ನಿಲ್ಲದಿರಲಿ. ಆ ನೂರು ವರ್ಷಗಳಲ್ಲಿ ಒಂದು ಸಲ, ಒಂದೇ ಒಂದು ಸಲ, ನೀವು ನಿಜವಾಗಿಯೂ ತಪ್ಪು ಮಾಡಿ. ಅದನ್ನು ನೋಡಲು ನನಗೂ ಆಯುಸ್ಸಿರಲಿ.