ಗೋಡೆಯ ಗುಂಟ ಲಾಡಲೇಸಾಬರು
ವಿಜಯಪುರದ ಕೋಟೆಗೋಡೆಯ ಗುಂಟ ಇಡೀ ದಿನ ನಡೆಯುವುದಾದರೆ ಗೌಂಡಿ ಲಾಡಲೇಸಾಬರ ಜೊತೆಗೇ ನಡೆಯಬೇಕು. ಐತವಾರ ಬೆಳಗಾದರೆ ಸಾರವಾಡದ ಬಸ್ಸಿಳಿದು, ಚಪ್ಪಲಿಯನ್ನು ಕೈಯಲ್ಲಿ ಹಿಡಿದು ಹೊರಟುಬಿಡುತ್ತಾರೆ. ಅವರಿಗೆ ದೂರವೂ ಬುರುಜಿನ ಲೆಕ್ಕ, ಸಿಟ್ಟೂ ಬುರುಜಿನ ಲೆಕ್ಕ: ಚಹದಂಗಡಿ ಮೂರು ಬುರುಜಿನಾಚೆ, ‘ಹಾಳುಗೋಡೆ’ ಎಂದವರ ಜೊತೆ ಎರಡು ಬುರುಜಿನವರೆಗೆ ಮಾತಿಲ್ಲ. ಗೋಡೆಯ ಮೇಲೆ ಕೌದಿ ಒಣಹಾಕಿದವರನ್ನು ಮಾತ್ರ ಬೈಯುವುದಿಲ್ಲ. ‘ಬಾದಶಾನ ಗೋಡಿಗೆ ಈಗರೆ ಒಂದು ಚೊಲೊ ಕೆಲಸ ಸಿಕ್ಕೈತ್ರಿ,’ ಎಂದು ನಗುತ್ತಾರೆ. ಎತ್ತರದಲ್ಲಿ ಕೂತ ಆನೆಗಾತ್ರದ ಕಲ್ಲು ಕಂಡರೆ, ನಲವತ್ತು ವರ್ಷ ಗೋಡೆ ಕಟ್ಟಿದ ಈ ಮನುಷ್ಯ ‘ಯಪ್ಪಾ, ಇದನ್ನ ಹೆಂಗ ಎತ್ತಿದ್ರೊ!’ ಎಂದು ಪ್ರತಿ ವಾರ ಹೊಸದಾಗಿ ಬೆರಗಾಗುತ್ತಾರೆ. ಇಳಿಹೊತ್ತಿಗೆ, ಕೊನೆಯ ಬುರುಜಿನ ಬುಡದಲ್ಲಿ, ಅವರು ನಿಲ್ಲುತ್ತಾರೆ. ಅಲ್ಲಿನ ಗಾರೆಯಲ್ಲಿ, ಅದು ಹಸಿಯಿದ್ದಾಗ ಯಾರೋ ಊರಿದ ಅಂಗೈಯ ಗುರುತು ಐದೂ ಬೆರಳು ಸಮೇತ ಹಾಗೇ ಉಳಿದಿದೆ. ಎಡಗೈಯಲ್ಲಿ ಕರಣೆ ಹಿಡಿಯುತ್ತಾನೆಂದು ಉಸ್ತಾದರಿಂದ ಸದಾ ಬೈಸಿಕೊಂಡ ಲಾಡಲೇಸಾಬರು ಆ ಗುರುತಿನೊಳಗೆ ಮೆಲ್ಲಗೆ ತಮ್ಮ ಎಡಗೈ ಇಡುತ್ತಾರೆ. ಬೆರಳಿಗೆ ಬೆರಳು ಕೂಡುತ್ತದೆ. ‘ಇಂವಾನೂ ನನ್ನಂಗ ಎಡಚ ಅದಾನ ನೋಡ್ರಿ,’ ಎನ್ನುತ್ತಾರೆ. ಆ ಕೈ ಊರಿ ನಾಲ್ಕುನೂರು ವರ್ಷ ದಾಟಿದ್ದರೂ, ‘ಇದ್ದ’ ಎಂಬ ಮಾತು ಅವರ ಬಾಯಿಗೆ ಬರುವುದಿಲ್ಲ.